ಜಾವಾ, ಯೆಜ್ಡಿ ಮತ್ತು ಬಡವರ ರೇಸು

ಅಮೆರಿಕದ ಮಿಚಿಗನ್ ರಾಜ್ಯದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ದೂರವಾಣಿ ಮಾಡಿದ್ದನು. ಐವತ್ತು ವರ್ಷಕ್ಕೂ ಹಳೆಯದಾದ ಒಂದು ಮಸ್ಟಾಂಗ್ ಕಾರನ್ನು ಅಗ್ಗಕ್ಕೆ ಕೊಂಡು, ವಾರದ ರಜೆಯಲ್ಲಿ ಅದರ ಭಾಗಗಳನ್ನು ಒಂದೊಂದಾಗಿ ಬದಲಿಸಿ, ಕಾಲು ಮೈಲಿಯ ನೇರ ಓಟದಲ್ಲಿ ಓಡಿಸುತ್ತಿರುವುದಾಗಿ ಹೇಳಿದನು. ಎಂಜಿನ್ನಿಗೆ ಹಾಕಿದ್ದಕ್ಕಿಂತ ಹೆಚ್ಚು ಹಣ ಬ್ರೇಕಿಗೆ ಹೋಯಿತೆಂದು ನಕ್ಕನು. ಕೊನೆಗೆ, "ನಮ್ಮ ಹುಣಸೂರು ಕಡೆ ಇಂಥದ್ದೇನೂ ಇರಲಿಲ್ಲ ಅಲ್ವೇ ಸಾರ್?" ಎಂದು ಕೇಳಿದನು. ಇತ್ತು ಎಂದು ನಾನು ಹೇಳಿದೆ. ಆದರೆ ದೂರವಾಣಿಯಲ್ಲಿ ಹೇಳಿ ಮುಗಿಸುವಂಥ ವಿಷಯ ಅದಲ್ಲ. ಅವನಿಗೆಂದು ಬರೆಯಲು ಕುಳಿತದ್ದನ್ನು ಇಲ್ಲಿ ಎಲ್ಲರಿಗೂ ಒಪ್ಪಿಸುತ್ತಿದ್ದೇನೆ.

ಅಮೆರಿಕನ್ನರು 'ಮಸಲ್ ಕಾರ್' ಎಂದು ಕರೆಯುವ ತೋಳ್ಬಲದ ಕಾರುಗಳ ಕಥೆಯನ್ನು ಸಾಮಾನ್ಯವಾಗಿ 1964ರ ಪಾಂಟಿಯಾಕ್ ಜಿ.ಟಿ.ಓ. ಕಾರಿನಿಂದ ಆರಂಭಿಸುತ್ತಾರೆ. ಮಧ್ಯಮ ಗಾತ್ರದ ಸಾಧಾರಣ ಕಾರಿನೊಳಗೆ ದೊಡ್ಡ ಕಾರಿನ ಎಂಜಿನ್ನನ್ನು ಕೂರಿಸಿ, ಯುವಕರ ಕೈಗೆಟುಕುವ ಬೆಲೆಗೆ ಮಾರುವುದು ಅದರ ಹಿಂದಿನ ಉಪಾಯ. ಆ ಎಂಜಿನ್ನಿನ ಗಾತ್ರ ಸುಮಾರು 6,400 ಸಿ.ಸಿ. ಅದೇ ದಶಕದಲ್ಲಿ ನಮ್ಮ ಜಿಲ್ಲೆಯ ಯುವಕನ ಕೈಗೆ ಎಟುಕಬಹುದಾಗಿದ್ದ ಅತ್ಯಂತ ಬಲಶಾಲಿ ವಾಹನದ ಎಂಜಿನ್ನು 250 ಸಿ.ಸಿ.ಗೂ ತುಸು ಕಡಿಮೆ. ಅದಕ್ಕಿದ್ದುದು ಎರಡು ಚಕ್ರ, ಸುಮಾರು 12 ಅಶ್ವಶಕ್ತಿ. ಆದರೆ ಅದು ತಯಾರಾಗುತ್ತಿದ್ದುದು ನಮ್ಮ ಮೈಸೂರಿನಲ್ಲೇ. ಈ ಒಂದು ಸಂಗತಿಯಿಂದ ಎಷ್ಟೆಲ್ಲ ಹುಟ್ಟಿತು ಎಂಬುದನ್ನು ಯಾರೂ ಸರಿಯಾಗಿ ಬರೆದಿಟ್ಟಂತಿಲ್ಲ.

ಜಾವಾ ಮೂಲತಃ ಜೆಕ್ ನಾಡಿನ ಸಂಸ್ಥೆ. ಫ್ರಾಂಟಿಶೆಕ್ ಯಾನೆಚೆಕ್ ಎಂಬಾತನು 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರು ಸೈಕಲ್ ತಯಾರಿಸುವ ಹಕ್ಕನ್ನು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಗಳನ್ನೂ ವಾಂಡರರಿನ ಮೊದಲೆರಡು ಅಕ್ಷರಗಳನ್ನೂ ಕೂಡಿಸಿ ಈ ಹೆಸರನ್ನಿಟ್ಟನು. ಇಂಡೋನೇಷ್ಯದ ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. (ತರಗತಿಯಲ್ಲಿ ಭೂಪಟ ತೋರಿಸುವಾಗ ಹುಡುಗರು ಇದನ್ನು ಕೇಳದೆ ಬಿಟ್ಟ ವರ್ಷವಿಲ್ಲ.) ಐವತ್ತರ ದಶಕದಲ್ಲಿ ಈ ಗಾಡಿಗಳನ್ನು ತರಿಸಿ ಮಾರುತ್ತಿದ್ದ ಮುಂಬಯಿಯ ಇರಾನಿ ಕುಟುಂಬದ ರುಸ್ತುಮ್ ಇರಾನಿ ಮತ್ತು ಫಾರೂಕ್ ಇರಾನಿಯವರು, ಸರ್ಕಾರ ಆಮದನ್ನು ಬಿಗಿಗೊಳಿಸಿದಾಗ, ಇಲ್ಲಿಯೇ ತಯಾರಿಸಲು ನಿಶ್ಚಯಿಸಿದರು. ಅದಕ್ಕೆ ಮೈಸೂರಿನ ಯಾದವಗಿರಿಯನ್ನು ಆರಿಸಿಕೊಂಡರು. ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರು. 1961ರಿಂದ ಗಾಡಿಗಳು ಹೊರಬರತೊಡಗಿದವು. 1973ರ ಸುಮಾರಿಗೆ ಹೆಸರು ಯೆಜ್ಡಿ ಎಂದು ಬದಲಾಯಿತು. ಅದು ಇರಾನಿನ ಯಜ್ದ್ ನಗರದಿಂದ ಬಂದ ಹೆಸರೆಂದು ಹೇಳುತ್ತಾರೆ. 1978ರಲ್ಲಿ 16 ಅಶ್ವಶಕ್ತಿಯ ರೋಡ್‌ಕಿಂಗ್ ಬಂದಿತು.

ಈ ಗಾಡಿಯನ್ನು ಕಂಡವರಿಗೆ ಅದರ ವಿಚಿತ್ರಗಳು ಮರೆತುಹೋಗುವುದಿಲ್ಲ. ಒಂದೇ ಸನ್ನೆ ಒಳಗೆ ಒತ್ತಿ ಎತ್ತಿದರೆ ಕಿಕ್ಕರ್ ಆಗುತ್ತಿತ್ತು, ಕೆಳಗಿಳಿಸಿದರೆ ಗೇರು ಆಗುತ್ತಿತ್ತು. ಸಿಲಿಂಡರು ಒಂದೇ, ಆದರೆ ಹೊಗೆ ಹೋಗಲು ಎರಡು ಕೊಳವೆಗಳು. ಪೆಟ್ರೋಲ್ ಬಂಕಿನಲ್ಲಿ ಅಳತೆ ಲೋಟದಿಂದ ಎಣ್ಣೆ ಬೆರೆಸಿಕೊಂಡು, ನೀಲಿ ಹೊಗೆ ಬಿಡುತ್ತ 'ಡುಗ್ ಡುಗ್' ಎಂದು ಹೊರಟರೆ ಊರ ಹೊರಗಿನ ತಿರುವಿನಲ್ಲೇ ಯಾರ ಗಾಡಿ ಎಂದು ಗುರುತು ಹಿಡಿಯಬಹುದಾಗಿತ್ತು. ಆದರೆ ರೇಸಿನ ದೃಷ್ಟಿಯಿಂದ ಮುಖ್ಯವಾದುದು ಬೇರೆ. ಇದು ಎರಡು ಸ್ಟ್ರೋಕಿನ ಎಂಜಿನ್ನು. ಇದರಲ್ಲಿ ಕವಾಟಗಳಿಲ್ಲ, ಕವಾಟಗಳನ್ನು ಎತ್ತಿಳಿಸುವ ದಂಡವಿಲ್ಲ, ಸರಪಣಿಯಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ ತಾನೇ ಮುಚ್ಚಿ ತೆರೆಯುತ್ತದೆ. ಎಂದಮೇಲೆ ಎಂಜಿನ್ನಿನ ಗುಣವನ್ನು ಬದಲಿಸಲು ಹೊಸ ಭಾಗ ಕೊಳ್ಳಬೇಕಾದ ಅಗತ್ಯವಿಲ್ಲ. ಕಿಂಡಿಯನ್ನು ಅರ ಹಿಡಿದು ಒಂದೆರಡು ಮಿಲಿಮೀಟರ್ ಎತ್ತರಿಸಿದರೆ ಸಾಕು, ಅದು ಬೇಗ ತೆರೆಯುತ್ತದೆ, ಎಂಜಿನ್ನು ಹೆಚ್ಚು ವೇಗದಲ್ಲಿ ಉಸಿರಾಡುತ್ತದೆ. ತಲೆಯನ್ನು ಲೇತಿನಲ್ಲಿ ಒಂದು ಮಿಲಿಮೀಟರ್ ಕೆರೆಸಿದರೆ ಒತ್ತಡ ಏರುತ್ತದೆ. 65 ಮಿ.ಮೀ. ವ್ಯಾಸದ ಸಿಲಿಂಡರಿನಲ್ಲಿ ಒಂದು ಮಿಲಿಮೀಟರ್ ಎಂದರೆ ಮೂರು ಸಿ.ಸಿ.ಗೂ ಹೆಚ್ಚು ಜಾಗ ಕಡಿಮೆಯಾದಂತೆ. ಇಷ್ಟಕ್ಕೂ ಬೇಕಾದುದು ಅರ, ಲೇತಿನವನಿಗೆ ಕೊಡುವ ಕೂಲಿ ಮತ್ತು ಸಹನೆ.

ಕಾರ್ಖಾನೆ ನಮ್ಮ ಹುಣಸೂರಿನಿಂದ ಸುಮಾರು 45 ಕಿಲೋಮೀಟರು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಿಂದಲೂ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆಗೆ ಬಿಡಿಭಾಗ ತರಬಹುದಾಗಿತ್ತು. ಈ ನಾಲ್ಕು ತಾಲ್ಲೂಕುಗಳಿಂದ ಹಲವರು ಅಲ್ಲಿ ಕೆಲಸಕ್ಕೂ ಸೇರಿದ್ದರು. ಐ.ಟಿ.ಐ. ಮುಗಿಸಿದ ಹುಡುಗನಿಗೆ ಯಾದವಗಿರಿಯಲ್ಲಿ ಕೆಲಸ ಸಿಕ್ಕಿತೆಂದರೆ ಊರಿನಲ್ಲಿ ಹೆಣ್ಣು ಕೊಡಲು ಮುಂದೆ ಬರುತ್ತಿದ್ದ ಕಾಲವದು. ಅವರು ಹಬ್ಬಕ್ಕೆ ಊರಿಗೆ ಬಂದಾಗ ಎಂಜಿನ್ನಿನ ವಿದ್ಯೆಯೂ ಅವರೊಡನೆ ಬರುತ್ತಿತ್ತು. ಯಾವ ತಿರುಪನ್ನು ಎಷ್ಟು ಬಿಗಿಯಬೇಕು, ಪಿಸ್ಟನ್ನಿಗೂ ಸಿಲಿಂಡರಿಗೂ ಎಷ್ಟು ಅಂತರ ಬಿಡಬೇಕು ಎಂಬುದನ್ನು ಜಗಲಿಯ ಮೇಲೆ ಕುಳಿತು ಹೇಳುವವರಿದ್ದರು. ಬಜಾಜ್ ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದ ದಿನಗಳಲ್ಲಿ, ನಾಲ್ಕು ಕೈ ಬದಲಾದ ಹಳೆಯ ಜಾವಾ ನಮ್ಮ ಕಡೆ ಸುಲಭವಾಗಿ ಸಿಗುತ್ತಿತ್ತು. 1984ರಲ್ಲಿ ತಂಬಾಕು ಮಂಡಳಿಯ ಹರಾಜು ಕಟ್ಟೆಗಳು ಆರಂಭವಾದ ಮೇಲಂತೂ, ಸೊಪ್ಪಿನ ದುಡ್ಡು ಬಂದ ತಿಂಗಳಲ್ಲಿ ಹೊಸ ಗಾಡಿ ಕೊಳ್ಳುವವರು, ಹಳೆಯದನ್ನು ಮಾರುವವರು ಹೆಚ್ಚಾದರು.

ಶಾಲೆಯ ಹಿಂದಿನ ರಸ್ತೆಯಲ್ಲಿ ಒಬ್ಬ ಸಾಬರ ಗ್ಯಾರೇಜಿತ್ತು. ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು, ಸೈಕಲ್ ಪಂಕ್ಚರಿಗೆ ನೀವೆಲ್ಲ ಅಲ್ಲಿಗೇ ಹೋಗುತ್ತಿದ್ದವರು. ಅವರು ಓದಿದ್ದು ನಾಲ್ಕನೆಯ ತರಗತಿ. ಎಂಜಿನ್ನಿನ ಸದ್ದು ಕೇಳಿ ರೋಗ ಹೇಳುತ್ತಿದ್ದರು. ಎಂಬತ್ತರ ದಶಕದ ಆರಂಭದಲ್ಲಿ ಎಚ್.ಡಿ. ಕೋಟೆ ಕಡೆಯ ಒಬ್ಬ ಯುವಕ, ನನ್ನಲ್ಲಿಯೇ ಹತ್ತನೆಯ ತರಗತಿ ಮುಗಿಸಿದವನು, ಹಳೆಯ ಯೆಜ್ಡಿಯೊಂದನ್ನು ತಂದು ಅವರ ಮುಂದೆ ನಿಲ್ಲಿಸಿ, ಮದರಾಸಿನ ಶೋಲವರಂ ಓಟದಲ್ಲಿ ಇದನ್ನು ಓಡಿಸಬೇಕೆಂದನಂತೆ. ಸಾಬರು ಅವನನ್ನು ಬಯ್ದು ಕಳುಹಿಸಿದರು. ಮರುದಿನ ತಾವೇ ಕರೆಸಿಕೊಂಡರು.

ಶೋಲವರಂ ಎಂದರೆ ಮದರಾಸಿನ ಉತ್ತರಕ್ಕಿರುವ, ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಓಡುದಾರಿ. 1953ರಲ್ಲಿ ಸ್ಥಾಪನೆಯಾದ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ಓಟಗಳನ್ನು ನಡೆಸುತ್ತಿತ್ತು. ರಾಜಮನೆತನದವರು ವಿದೇಶೀ ಕಾರುಗಳನ್ನು ತರುತ್ತಿದ್ದ ಅದೇ ಕಾಂಕ್ರೀಟಿನ ಮೇಲೆ, ತಮ್ಮ ಕೈಯಾರೆ ಕೊರೆದ ಬೈಕುಗಳನ್ನು ತಂದವರೂ ಓಡುತ್ತಿದ್ದರು. ಓಟಗಳನ್ನು ಎಂಜಿನ್ನಿನ ಗಾತ್ರಕ್ಕೆ ಅನುಗುಣವಾಗಿ ವಿಂಗಡಿಸುತ್ತಿದ್ದುದರಿಂದ ಬಡವನಿಗೂ ತನ್ನ ಸಮಾನರ ನಡುವೆ ಒಂದು ಸ್ಥಾನವಿತ್ತು. ಈ ವಿಂಗಡಣೆಯೇ ಬಡವರ ರೇಸಿನ ಮೂಲಾಧಾರ ಎಂಬುದು ನನ್ನ ಅಭಿಪ್ರಾಯ. ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿದ್ದರೆ ಹಣವಂತನ ಹೊರತು ಯಾರೂ ಎರಡನೆಯ ಬಾರಿ ಅಲ್ಲಿಗೆ ಹೋಗುತ್ತಿರಲಿಲ್ಲ.

ಮೊದಲ ವರ್ಷ ಈ ಹುಡುಗನ ಗಾಡಿ ಕೆ.ಆರ್. ನಗರದಿಂದ ಹೊರಟ ತೆಂಗಿನಕಾಯಿ ಲಾರಿಯಲ್ಲಿ ಮದರಾಸಿಗೆ ಹೋಯಿತು. ದೀಪ, ಮಡ್‌ಗಾರ್ಡು, ಸ್ಟ್ಯಾಂಡು, ಹಿಂದಿನ ಸೀಟು ಎಲ್ಲವನ್ನೂ ಕಳಚಿ ತೂಕ ಇಳಿಸಿದ್ದರು. ಖರ್ಚಿಲ್ಲದೆ ವೇಗ ಹೆಚ್ಚಿಸುವ ಉಪಾಯ ಅದೊಂದೇ. ನಾಲ್ಕನೆಯ ಸುತ್ತಿನಲ್ಲಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಗಾಡಿ ನಿಂತಿತು. ಕಿಂಡಿಗಳನ್ನು ದೊಡ್ಡದು ಮಾಡಿದವರು ಕಾರ್ಬ್ಯುರೇಟರಿನ ಜೆಟ್ಟನ್ನು ದೊಡ್ಡದು ಮಾಡಿರಲಿಲ್ಲ. ಎರಡು ಸ್ಟ್ರೋಕಿನ ಎಂಜಿನ್ನಿಗೆ ಪೆಟ್ರೋಲಿನ ಜೊತೆಗೇ ಎಣ್ಣೆಯೂ ಬರುವುದರಿಂದ, ಪೆಟ್ರೋಲು ಕಡಿಮೆಯಾದರೆ ಶಾಖವೂ ಏರುತ್ತದೆ, ಜಾರುವಿಕೆಯೂ ತಪ್ಪುತ್ತದೆ. ಆದರೆ ಆತ ಬರಿಗೈಯಲ್ಲಿ ಮರಳಲಿಲ್ಲ. ಗೆದ್ದ ಗಾಡಿಗಳ ಸೈಲೆನ್ಸರುಗಳು ನಮ್ಮಂತೆ ಉದ್ದನೆಯ ಸಿಗಾರಿನ ಆಕಾರದಲ್ಲಿರದೆ, ಬಸುರಿ ಹಾವಿನಂತೆ ನಡುವೆ ಉಬ್ಬಿ ತುದಿಯಲ್ಲಿ ಸಣ್ಣದಾಗಿದ್ದುದನ್ನು ಕಂಡಿದ್ದ. ಅಳತೆಪಟ್ಟಿ ಇರಲಿಲ್ಲ. ತನ್ನ ಉಡಿದಾರವನ್ನು ಬಿಚ್ಚಿ, ನಿಂತಿದ್ದ ಒಂದು ಗಾಡಿಯ ಕೊಳವೆಯ ಸುತ್ತಳತೆಯನ್ನೂ ಉದ್ದವನ್ನೂ ತೆಗೆದು ಗಂಟು ಹಾಕಿಕೊಂಡು ಬಂದಿದ್ದ!

ಆ ಗಂಟುಗಳ ದಾರ ಕೊನೆಗೆ ನನ್ನ ಮೇಜಿಗೆ ಬಂದಿತು. "ಮೇಷ್ಟ್ರೇ, ತಗಡ ಹೆಂಗ್ ಕತ್ತರಿಸಿದ್ರೆ ಈ ಥರ ಕೊಳಾಯಿ ಆಗ್ತದೆ, ಒಸಿ ಲೆಕ್ಕ ಹಾಕ್ಕೊಡಿ" ಎಂದು ಸಾಬರು ಶಾಲೆಯ ಬಾಗಿಲಿಗೆ ಬಂದು ನಿಂತರು. ಅವರೇ ಎರಡು ತಗಡು ಹಾಳು ಮಾಡಿದ್ದರು. ಶಂಕುವಿನ ತುಂಡನ್ನು ಬಿಡಿಸಿ ಚಪ್ಪಟೆ ಮಾಡಿದರೆ ಅದು ನೇರ ಅಂಚಿನ ಪಟ್ಟಿಯಾಗುವುದಿಲ್ಲ, ಬಾಗಿದ ಪಟ್ಟಿಯಾಗುತ್ತದೆ. ಇದನ್ನು ನೀವೆಲ್ಲ ಹತ್ತನೆಯ ತರಗತಿಯಲ್ಲಿ ಕಲಿತದ್ದೇ. ಒಂದು ತುಂಡು ಸಣ್ಣ ತುದಿಯಲ್ಲಿ 40 ಮಿ.ಮೀ. ವ್ಯಾಸ, ದೊಡ್ಡ ತುದಿಯಲ್ಲಿ 90 ಮಿ.ಮೀ. ವ್ಯಾಸ, ಓರೆ ಉದ್ದ 200 ಮಿ.ಮೀ. ಎಂದಿಟ್ಟುಕೊಳ್ಳಿ. ತ್ರಿಜ್ಯ 20ರಿಂದ 45ಕ್ಕೆ, ಅಂದರೆ 25 ಮಿ.ಮೀ. ಬೆಳೆಯಲು 200 ಮಿ.ಮೀ. ಬೇಕಾಯಿತು. ಹಾಗಾದರೆ ಸೊನ್ನೆಯಿಂದ 45ಕ್ಕೆ ಬೆಳೆಯಲು 360 ಮಿ.ಮೀ. ಬೇಕು. ತಗಡಿನ ಮೇಲೆ ಒಂದೇ ಕೇಂದ್ರದಿಂದ 360 ಮತ್ತು 160 ಮಿ.ಮೀ. ತ್ರಿಜ್ಯದ ಎರಡು ಕಂಸಗಳನ್ನು ಎಳೆದು, 45 ಡಿಗ್ರಿಯಷ್ಟು ಕತ್ತರಿಸಿದರೆ ಆಯಿತು. ಸುತ್ತಿದಾಗ ಕೂದಲಿನಷ್ಟೂ ಸಂದಿಲ್ಲದೆ ಕೂಡುತ್ತದೆ. ಮೊದಲು ರಟ್ಟಿನಲ್ಲಿ ಕತ್ತರಿಸಿ ತೋರಿಸಿದೆ. ಸಾಬರು ಅದನ್ನು ಸುತ್ತಿದರು, ಬಿಡಿಸಿದರು, ಮತ್ತೆ ಸುತ್ತಿದರು. ಆ ಹೊತ್ತಿಗೆ ನನ್ನ ತರಗತಿಯಲ್ಲಿ ಶಂಕುವಿನ ಪಾಠ ಕೇಳುತ್ತಿದ್ದ ಐವತ್ತು ಮಕ್ಕಳಲ್ಲಿ ಒಬ್ಬರ ಕಣ್ಣಿನಲ್ಲೂ ನಾನು ಅಂಥ ಆಸಕ್ತಿಯನ್ನು ಕಂಡಿರಲಿಲ್ಲ. ಮುನಿಸಿಕೊಳ್ಳಬೇಡಿ. ಜಾವಾ ವಂಶದ ಗಾಡಿಗೆ ಎರಡು ಕೊಳವೆಗಳಿರುವುದರಿಂದ ಲೆಕ್ಕ ಒಂದೇ ಆದರೂ ಬೆಸುಗೆಯ ಕೆಲಸ ಎರಡು ಪಾಲಾಯಿತು.

ಆ ಉಬ್ಬು ಕೊಳವೆ ಏನು ಮಾಡುತ್ತದೆ ಎಂಬುದು ಆಮೇಲೆ ಪುಸ್ತಕಗಳಿಂದ ನನಗೆ ತಿಳಿಯಿತು. ಹೊಗೆಯ ಕಿಂಡಿ ತೆರೆದೊಡನೆ ಒಂದು ಒತ್ತಡದ ಅಲೆ ಕೊಳವೆಯಲ್ಲಿ ಹೊರಟು, ಅಗಲವಾಗುವಲ್ಲಿ ಸಿಲಿಂಡರಿನೊಳಗಿನ ಹೊಗೆಯನ್ನು ಹೊರಗೆಳೆಯುತ್ತದೆ. ಕಿರಿದಾಗುವಲ್ಲಿ ಗೋಡೆಗೆ ಬಡಿದ ಚೆಂಡಿನಂತೆ ಹಿಂದಿರುಗಿ, ತಪ್ಪಿಸಿಕೊಂಡು ಹೊರಬಂದ ಹೊಸ ಪೆಟ್ರೋಲು–ಗಾಳಿಯನ್ನು ಮತ್ತೆ ಒಳಕ್ಕೆ ತಳ್ಳುತ್ತದೆ. ಅದು ಸರಿಯಾದ ಕ್ಷಣಕ್ಕೆ ಹಿಂದಿರುಗಬೇಕು. ಎಂಜಿನ್ನು ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಒಂದು ಸುತ್ತಿಗೆ ಸೆಕೆಂಡಿನ ನೂರನೆಯ ಒಂದು ಭಾಗ. ಕಿಂಡಿ 170 ಡಿಗ್ರಿಯಷ್ಟು ಕಾಲ ತೆರೆದಿದ್ದರೆ ಆ ಅವಧಿ ಸೆಕೆಂಡಿನ ಸಾವಿರದ ಐದು ಭಾಗಕ್ಕೂ ಕಡಿಮೆ. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರು. ಹೋಗಿ ಬರುವ ದಾರಿಯನ್ನು ಎರಡರಿಂದ ಭಾಗಿಸಿದರೆ ಕೊಳವೆಯ ಉದ್ದ ಸುಮಾರು 1.2 ಮೀಟರು. ಉಡಿದಾರದ ಗಂಟುಗಳ ನಡುವಿನ ಉದ್ದವೂ ಇದರ ಸಮೀಪಕ್ಕೇ ಬಂದಿತ್ತು.

ಈ ವಿದ್ಯೆಯನ್ನು ಪರಿಪೂರ್ಣಗೊಳಿಸಿದವರೂ ಹಣವಂತರಲ್ಲ ಎಂಬುದು ಚರಿತ್ರೆಯ ಸೊಗಸು. ಪೂರ್ವ ಜರ್ಮನಿಯ ಎಂ.ಜೆಡ್. ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರು, ಸಾಮಗ್ರಿಗೂ ಹಣಕ್ಕೂ ಬರವಿದ್ದ ಐವತ್ತರ ದಶಕದಲ್ಲಿ, ಈ ಕೊಳವೆಗಳನ್ನು ತಿದ್ದಿ ತಿದ್ದಿ 1961ರ ಹೊತ್ತಿಗೆ 125 ಸಿ.ಸಿ. ಎಂಜಿನ್ನಿನಿಂದ 25 ಅಶ್ವಶಕ್ತಿ ಪಡೆದನು. ನಮ್ಮ 250ರ ಜಾವಾಗಳು ಅದರ ಅರ್ಧದಷ್ಟು ಬಲದಿಂದ ಯಾದವಗಿರಿಯಿಂದ ಹೊರಡಲಾರಂಭಿಸಿದ್ದೂ ಅದೇ ವರ್ಷ. ಆತನ ಸವಾರ ಅರ್ನ್‌ಸ್ಟ್ ಡೆಗ್ನರ್ ಆ ವರ್ಷವೇ ಸ್ವೀಡನ್ನಿನ ಓಟದ ವೇಳೆ ತನ್ನ ದೇಶವನ್ನು ತೊರೆದು ಜಪಾನಿನ ಸುಜುಕಿ ಸಂಸ್ಥೆಯನ್ನು ಸೇರಿದನು. ಕಾಡೆನ್ನನ ಗುಟ್ಟುಗಳು ಅವನೊಂದಿಗೆ ಹೋದವು. ಜಪಾನಿಗೆ ಗುಟ್ಟು ಹಾಗೆ ಹೋಯಿತು, ಹುಣಸೂರಿಗೆ ಉಡಿದಾರದಲ್ಲಿ ಬಂದಿತು.

ಮರುವರ್ಷ ಆ ಯುವಕ ಓಟವನ್ನು ಪೂರ್ತಿ ಮಾಡಿದ. ಬಹುಮಾನವೇನೂ ಬರಲಿಲ್ಲ. ಆದರೆ ಅವನ ಹಿಂದೆ ಬಂದವರೂ ಇದ್ದರಂತೆ, ಸಾಬರಿಗೆ ಅಷ್ಟೇ ಸಾಕಾಗಿತ್ತು.

ಈ ಕಥೆಯ ಇನ್ನೊಂದು ಮುಖವನ್ನೂ ಹೇಳಬೇಕು. ಅರದಿಂದ ಎಂಜಿನ್ನಿಗೆ ಬಲ ತುಂಬಬಹುದು, ಬ್ರೇಕಿಗೆ ತುಂಬಲಾಗುವುದಿಲ್ಲ. ಜಾವಾ, ಯೆಜ್ಡಿಗಳಿಗಿದ್ದುದು ಡ್ರಮ್ ಬ್ರೇಕು. ಎರಡು ಮೂರು ಬಾರಿ ಜೋರಾಗಿ ಹಿಡಿದರೆ ಕಾದು ಹಿಡಿತ ಸಡಿಲುತ್ತಿತ್ತು. ಓಡುದಾರಿಯಲ್ಲಿ ತಪ್ಪಿದರೆ ಹುಲ್ಲಿಗೆ ಹೋಗಿ ಬೀಳುತ್ತಾನೆ. ನಮ್ಮ ಮೈಸೂರು–ಮಡಿಕೇರಿ ರಸ್ತೆಯಲ್ಲಾದರೆ ಎದುರಿಗೆ ಎತ್ತಿನ ಗಾಡಿ, ಸೊಪ್ಪು ತುಂಬಿದ ಟ್ರ್ಯಾಕ್ಟರು, ಸಾಲು ಮರ. ಶೋಲವರಂಗೆ ಹೋಗಲು ಹಣವಿಲ್ಲದ ಹುಡುಗರು ಹುಣಸೂರಿನಿಂದ ಪಿರಿಯಾಪಟ್ಟಣದವರೆಗೆ ಎಷ್ಟು ನಿಮಿಷ ಎಂದು ಪಂಥ ಕಟ್ಟತೊಡಗಿದರು. ಆ ಪಂಥದಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ಅಣ್ಣ ಒಂದು ಮುಸ್ಸಂಜೆ ಮರಕ್ಕೆ ಬಡಿದು ಹೋದ. ಹತ್ತೊಂಬತ್ತು ವರ್ಷ. ಅವನ ಗಾಡಿಯನ್ನು ತಿದ್ದಿದ್ದು ಈ ಸಾಬರಲ್ಲ. ಆದರೂ ಅವರು ಅಂದಿನಿಂದ ಓಟಕ್ಕೆ ಹೆಸರು ನೋಂದಾಯಿಸಿದ ಕಾಗದ ತೋರಿಸದ ಯಾರ ಗಾಡಿಗೂ ಅರ ಹಚ್ಚಲಿಲ್ಲ. ಹಾಗೆ ಕಾಗದ ತೋರಿಸಿದವನಿಗೂ ಮೊದಲು ಬ್ರೇಕಿನ ಪಟ್ಟಿ ಬದಲಿಸಿ, ಆಮೇಲೆ ಎಂಜಿನ್ನು ಬಿಚ್ಚುತ್ತಿದ್ದರು. ಅವರ ಸಂಪಾದನೆ ಇದರಿಂದ ಕಡಿಮೆಯಾಯಿತು ಎಂಬುದು ಬೀದಿಗೆಲ್ಲ ತಿಳಿದಿತ್ತು.

ಕಾರುಗಳ ಕಡೆ ಹೇಳುವುದಾದರೆ, ಅಗ್ಗದ ರೇಸಿಗೆ ಕರ್ನಾಟಕದ ಕೊಡುಗೆ ಡಾಲ್ಫಿನ್. ಬೆಂಗಳೂರಿನ ಸಿಪಾನಿಯವರು 1982ರಿಂದ ತಯಾರಿಸಿದ ಈ ಪುಟ್ಟ ಕಾರಿಗೆ 848 ಸಿ.ಸಿ. ಎಂಜಿನ್ನು, ಫೈಬರ್ ಗಾಜಿನ ಮೈ. ಬೀದಿಯಲ್ಲಿ ನಿಲ್ಲಿಸಿದರೆ ದನ ಮೇದುಬಿಡುತ್ತದೆ ಎಂದು ಜನ ನಗುತ್ತಿದ್ದರು. ಆದರೆ ಹಗುರವಾಗಿದ್ದುದರಿಂದಲೇ ಅದು ರ‍್ಯಾಲಿಗಳಲ್ಲೂ ಶೋಲವರಂನಲ್ಲೂ ಹೆಸರು ಮಾಡಿತು. 1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲೆ ಅದನ್ನು ಕೊಳ್ಳುವವರು ಕಡಿಮೆಯಾದರು. ನಮ್ಮ ತಾಲ್ಲೂಕುಗಳಲ್ಲಿ ನಾನು ಕಂಡ ಡಾಲ್ಫಿನ್ ಎರಡೋ ಮೂರೋ ಅಷ್ಟೇ.

ಇಂಥ ಗ್ಯಾರೇಜುಗಳ ವಿದ್ಯೆ ಎಷ್ಟು ದೂರ ಹೋಗಬಹುದಾಗಿತ್ತು ಎಂಬುದಕ್ಕೆ ಮೈಸೂರಿನ ಸೋಮೇಂದರ್ ಸಿಂಗರೇ ನಿದರ್ಶನ. ರೇಸಿನಲ್ಲಿ ಓಡಿಸಿ, ಮೈಸೂರಿನಲ್ಲೇ ಗ್ಯಾರೇಜ್ ನಡೆಸಿ ಎಂಜಿನ್ನುಗಳನ್ನು ತಿದ್ದುತ್ತಿದ್ದ ಅವರು, ಸಿಲಿಂಡರಿನ ತಲೆಯ ಒಳಮೈಯಲ್ಲಿ ಗೀರುಗಳನ್ನು ಕೊರೆದರೆ ಇಂಧನ–ಗಾಳಿ ಚೆನ್ನಾಗಿ ಕದಡಿ ಪೂರ್ತಿಯಾಗಿ ಉರಿಯುತ್ತದೆಂದು ಪ್ರತಿಪಾದಿಸಿದರು. 2001ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು, ಅದರ ಸಂಖ್ಯೆ 6237579. 2004ರಲ್ಲಿ ಅಮೆರಿಕದ 'ಪಾಪ್ಯುಲರ್ ಸೈನ್ಸ್' ಪತ್ರಿಕೆ ಅವರ ಬಗ್ಗೆ ದೀರ್ಘ ಲೇಖನ ಪ್ರಕಟಿಸಿತು. ದೊಡ್ಡ ಕಾರು ಕಂಪನಿಗಳು ಅದನ್ನು ಅಪ್ಪಿಕೊಳ್ಳಲಿಲ್ಲ. ಅವರ ವಾದದ ಬಲಾಬಲವನ್ನು ತೂಗುವ ಯೋಗ್ಯತೆ ಗಣಿತದ ಮೇಷ್ಟ್ರಾದ ನನಗಿಲ್ಲ. ಆದರೆ ಅದೇ ಗೀರನ್ನು ಡೆಟ್ರಾಯಿಟಿನ ಪ್ರಯೋಗಾಲಯದಲ್ಲಿ ಯಾರಾದರೂ ಕೊರೆದಿದ್ದರೆ ಪರೀಕ್ಷೆಯಾದರೂ ಬೇಗ ನಡೆಯುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

1985ರಲ್ಲಿ ಬಂದ ಹೀರೋ ಹೊಂಡಾ ಲೀಟರಿಗೆ ಓಡುವ ದೂರದಿಂದ ಮನೆಯ ಯಜಮಾನರನ್ನು ಗೆದ್ದಿತು. ಅದೇ ವರ್ಷ ಬಂದ ಯಮಹಾ ಆರ್‌.ಎಕ್ಸ್. 100 ಹುಡುಗರನ್ನು ಗೆದ್ದಿತು. ಹಗುರವಾದ ಆ ಗಾಡಿಗೆ ಅದೇ ಅರ, ಅದೇ ತಗಡಿನ ಶಂಕು ಇನ್ನೂ ಚೆನ್ನಾಗಿ ಒಗ್ಗಿದವು. ಶೋಲವರಂನ ಕಾಲವೂ ಮುಗಿದು, 1990ರಿಂದ ಓಟಗಳು ಇರುಂಗಾಟ್ಟುಕೋಟೈನ ಹೊಸ ಪಥಕ್ಕೆ ಹೋದವು. ಹೊಗೆಯ ನಿಯಮಗಳು ಬಿಗಿಯಾದಂತೆ ಎರಡು ಸ್ಟ್ರೋಕಿನ ಗಾಡಿಗಳಿಗೆ ಜಾಗವಿಲ್ಲದಂತಾಯಿತು. ಅಮೆರಿಕದಲ್ಲಿ ತೋಳ್ಬಲದ ಕಾರುಗಳನ್ನು ಎಪ್ಪತ್ತರ ದಶಕದ ಹೊಗೆಯ ಕಾನೂನು, ತೈಲದ ಬಿಕ್ಕಟ್ಟು, ವಿಮೆಯ ದರಗಳು ಮುಗಿಸಿದವು. ನಮ್ಮಲ್ಲಿ ಇಪ್ಪತ್ತು ವರ್ಷ ತಡವಾಯಿತು ಅಷ್ಟೇ. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. ಅಲ್ಲಿ ಕೆಲಸಕ್ಕಿದ್ದ ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬ ಆಟೋ ಓಡಿಸಿದ, ಒಬ್ಬ ಊರಿಗೆ ಮರಳಿ ತಂಬಾಕು ಹಾಕಿದ, ಒಬ್ಬ ಮಾತ್ರ ಮೈಸೂರಿನಲ್ಲಿ ಯೆಜ್ಡಿಯ ಹಳೆಯ ಭಾಗಗಳ ಅಂಗಡಿ ಇಟ್ಟು ಉಳಿದುಕೊಂಡ.

2018ರಲ್ಲಿ ಜಾವಾ ಹೆಸರೂ 2022ರಲ್ಲಿ ಯೆಜ್ಡಿ ಹೆಸರೂ ಮತ್ತೆ ಮಾರುಕಟ್ಟೆಗೆ ಬಂದವು. ಇವು ನಾಲ್ಕು ಸ್ಟ್ರೋಕಿನವು, ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾದವು. ಹಳೆಯ ಗಾಡಿಗಳಿಗೋ ಈಗ ಸಂಗ್ರಾಹಕರ ಬೆಲೆ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಮೈಸೂರಿನಲ್ಲಿ ಮೆರವಣಿಗೆ ಹೊರಡುತ್ತಾರೆ. ತಯಾರಕರು ಕೊಟ್ಟ ರೂಪಕ್ಕಿಂತ ಬೇರೆಯಾಗಿ ಬದಲಿಸಿದ ವಾಹನವನ್ನು ರಸ್ತೆಯಲ್ಲಿ ಓಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಸ್ಪಷ್ಟವಾಗಿ ಹೇಳಿದೆ. ಓಟದ ಪಥಕ್ಕಷ್ಟೇ ಮೀಸಲಾದ ಗಾಡಿಯ ಮಾತು ಬೇರೆ. ಈ ಬರಹ ಓದಿ ಯಾರಾದರೂ ಅಪ್ಪನ ಯೆಜ್ಡಿಗೆ ಅರ ಹಚ್ಚುವ ಮೊದಲು ಇದನ್ನು ನೆನಪಿಡಲಿ.

ಸಾಬರು ತೀರಿಕೊಂಡು ಹಲವು ವರ್ಷಗಳಾದವು. ಅವರ ಮಗ ಅದೇ ಜಾಗದಲ್ಲಿ ಗ್ಯಾರೇಜ್ ನಡೆಸುತ್ತಿದ್ದಾನೆ. ಬರುವುದು ಬಹುಪಾಲು ಸ್ಕೂಟಿಗಳು, ಈಚೆಗೆ ಬ್ಯಾಟರಿ ಗಾಡಿಗಳು. ಜುಲೈ ಹತ್ತಿರ ಬಂದಾಗ ಬೆಂಗಳೂರಿನಿಂದ ಯಾರಾದರೂ ಹೊಳೆಯುವ ಹಳೆಯ ಜಾವಾವನ್ನು ಟೆಂಪೋದಲ್ಲಿ ಹೇರಿಕೊಂಡು ತರುತ್ತಾರೆ. ಎಲ್ಲವೂ ಕಾರ್ಖಾನೆಯಿಂದ ಬಂದಂತೆಯೇ ಇರಬೇಕು, ಒಂದು ತಿರುಪೂ ಬದಲಾಗಬಾರದು ಎಂದು ಹೇಳಿ ಹೋಗುತ್ತಾರಂತೆ. ಅಪ್ಪ ತಗಡು ಕತ್ತರಿಸುತ್ತಿದ್ದ ರಟ್ಟಿನ ಅಚ್ಚುಗಳು ಎಲ್ಲಿ ಎಂದು ಕೇಳಿದೆ. ಒಂದು ಮಳೆಗಾಲದಲ್ಲಿ ಗೆದ್ದಲು ತಿಂದುವು ಎಂದ. ಅಳತೆ ಬೇಕಾದರೆ ಹೇಳು, 360, 160, 45 ಡಿಗ್ರಿ ಎಂದೆ. ಅವನು ಅದನ್ನು ಮೊಬೈಲಿನಲ್ಲಿ ಬರೆದುಕೊಂಡ.